ಅಪ್ಪನ ಅರ್ಜಿ, ಕೈರೋದ ಪಾಠ

ಕೇಳುಗರಿಗೆ ನಮಸ್ಕಾರ.

ಅರಬ್ಬಿ ಕಲಿಯಲೆಂದು ವಿಜಯಪುರದಿಂದ ಕೈರೋ ನಗರಕ್ಕೆ ಹೋದ ಮೊದಲ ವಾರವೇ ಎರಡು ಅಕ್ಷರಗಳು ನನ್ನನ್ನು ಕಾಡಿದವು. ಒಂದು ‘ಐನ್’, ಗಂಟಲಿನ ಆಳದಲ್ಲಿ ಹುಟ್ಟುವ ಧ್ವನಿ. ಇನ್ನೊಂದು ‘ದಾದ್’, ನಾಲಿಗೆಯನ್ನು ಒತ್ತಿ ದಪ್ಪಗೆ ನುಡಿಯುವ ದಕಾರ. ಒಟ್ಟು 28 ಅಕ್ಷರಗಳಿದ್ದರೂ ಅರಬ್ಬರು ತಮ್ಮ ನುಡಿಯನ್ನು ‘ದಾದ್‌ನ ಭಾಷೆ’ ಎಂದೇ ಅಭಿಮಾನದಿಂದ ಕರೆಯುತ್ತಾರೆ. ಗುರುಗಳು ಇವೆರಡೂ ಇರುವ ಪುಟ್ಟ ಪದವೊಂದನ್ನು ಹಲಗೆಯ ಮೇಲೆ ಬರೆದರು: ‘ಅರ್ದ್’. ಮುಂದಿಡುವುದು ಎಂದು ಅರ್ಥ.

ಆ ಪದ ನನಗೆ ಗೊತ್ತಿತ್ತು. ಪಾರಸಿಯಲ್ಲಿ ಅದರ ಕೊನೆಯ ಧ್ವನಿ ಮೆತ್ತಗಾಯಿತು, ಕನ್ನಡಕ್ಕೆ ಬರುವಾಗ ಜಕಾರವಾಯಿತು. ಅದೇ ನಮ್ಮ ಅರ್ಜಿ.

ನಮ್ಮ ಅಪ್ಪ ತಹಶೀಲ್ದಾರ್ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕೂತು ರೈತರಿಗೆ ಅರ್ಜಿ ಬರೆದುಕೊಟ್ಟು ನಮ್ಮನ್ನು ಸಾಕಿದವರು. ಶಾಲೆ ಬಿಟ್ಟ ಮೇಲೆ ಅವರ ಪಕ್ಕದಲ್ಲಿ ಕೂತು ನಾನು ಕೇಳುತ್ತಿದ್ದ ಮಾತುಗಳು ತಾಲೂಕು, ಜಿಲ್ಲೆ, ಹಕ್ಕು, ವಕೀಲ, ವಸೂಲಿ, ಜಮಾ, ತಕರಾರು. ಆದಿಲಶಾಹಿ ಆಳ್ವಿಕೆ 1686ರಲ್ಲೇ ಮುಗಿದರೂ ಕಚೇರಿಯ ಆ ನುಡಿ ನಮ್ಮ ಊರನ್ನು ಬಿಟ್ಟು ಹೋಗಲಿಲ್ಲ. ಕೈರೋದಲ್ಲಿ ಒಂದೊಂದಾಗಿ ಅವು ತಮ್ಮ ಹಳೆಯ ಮುಖ ತೋರಿಸತೊಡಗಿದವು. ತಾಲೂಕಿನ ಮೂಲದಲ್ಲಿರುವುದು ನಂಟು. ಜಿಲ್ಲೆಯ ಮೂಲ ‘ದಿಲ್ಅ್’, ಎಂದರೆ ಪಕ್ಕೆಲುಬು. ದೇಹಕ್ಕೆ ಪಕ್ಕೆಲುಬು ಇದ್ದಂತೆ ನಾಡಿಗೆ ಜಿಲ್ಲೆ! ಅಂದು ರಾತ್ರಿ ಬಹಳ ಹೊತ್ತು ನನಗೆ ನಿದ್ದೆ ಬರಲಿಲ್ಲ.

ಬೆಳಗಿನ ತಿಂಡಿಗೆ ಬೀದಿಯ ಗಾಡಿಯಲ್ಲಿ ‘ಫೂಲ್’ ಕೊಳ್ಳುತ್ತಿದ್ದೆ. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದ ಕಾಳು. ಅದಕ್ಕೆ ಜೀರಿಗೆ, ನಿಂಬೆರಸ, ಎಣ್ಣೆ. ಜೊತೆಗೆ ದುಂಡನೆಯ ಗೋಧಿ ರೊಟ್ಟಿ. ಈಜಿಪ್ಟಿನವರು ರೊಟ್ಟಿಗೆ ‘ಐಶ್’ ಎನ್ನುತ್ತಾರೆ, ಬದುಕು ಎಂದು ಆ ಪದದ ಅರ್ಥ. ಅವ್ವ ಕಟ್ಟಿಕೊಟ್ಟ ಕಟಕ ಜೋಳದ ರೊಟ್ಟಿಯೂ ಶೇಂಗಾ ಹಿಂಡಿಯೂ ಒಂದು ತಿಂಗಳಲ್ಲಿ ಮುಗಿದಿದ್ದವು. ಆದರೂ ರೊಟ್ಟಿಯನ್ನು ಬದುಕು ಎಂದು ಕರೆಯುವ ಜನರ ನಡುವೆ ನನಗೆ ಪರಕೀಯತೆ ಕಾಡಲಿಲ್ಲ.

ಬಸ್ಸಿನ ಸಂಖ್ಯೆ ಓದುವುದು ಬೇರೆಯೇ ಪಾಠ. ಅವರ 5 ನಮ್ಮ ಕನ್ನಡದ ಸೊನ್ನೆಯಂತೆ ಕಾಣುತ್ತದೆ, ಅವರ ಸೊನ್ನೆ ಬರೀ ಚುಕ್ಕೆ. ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದುವ ಕಣ್ಣು ಅಂಕಿ ಬಂದಾಗ ಎಡದಿಂದ ಬಲಕ್ಕೆ ತಿರುಗಬೇಕು. ತರಗತಿಯ ಶಿಷ್ಟ ಅರಬ್ಬಿಗೂ ಅಂಗಡಿಯ ಮಾತಿಗೂ ಬಹಳ ಅಂತರ. ಏನು ಬೇಕು ಎನ್ನಲು ಪುಸ್ತಕದಲ್ಲಿ ‘ಮಾದಾ ತುರೀದ್’, ಬೀದಿಯಲ್ಲಿ ‘ಆಯಿಝ್ ಏ’. ಪಠ್ಯದ ಕನ್ನಡ ಒಂದು, ಸಂತೆಯ ಕನ್ನಡ ಇನ್ನೊಂದು ಎಂದು ತಿಳಿದು ಬೆಳೆದ ನಮಗೆ ಇದು ಅಷ್ಟೊಂದು ಕಷ್ಟವಲ್ಲ. ಚಹಾ ತರಲು ಹೇಳಿದರೆ ಅಂಗಡಿಯ ಹುಡುಗ ‘ಹಾದಿರ್’ ಎನ್ನುತ್ತಿದ್ದ. ಆಗಲಿ, ಈಗಲೇ ತಂದೆ ಎಂಬ ಒಪ್ಪಿಗೆಯ ಮಾತು ಅದು. ನಮ್ಮ ಶಾಲೆಯ ಹಾಜರಿ ಪುಸ್ತಕದ ಹಾಜರು ಅದೇ ಪದ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ‘ತಕ್ರಾರ್’. ಅರಬ್ಬಿಯಲ್ಲಿ ಅದು ಜಗಳವಲ್ಲ, ಆಕ್ಷೇಪಣೆಯೂ ಅಲ್ಲ. ಮತ್ತೆ ಮತ್ತೆ ಹೇಳುವುದು. ಗುರುಗಳು ದಿನವೂ ತಕ್ರಾರ್ ಮಾಡಿಸುತ್ತಿದ್ದರು. ಒಂದೇ ವಾಕ್ಯ, ಹತ್ತು ಸಲ. ಹೇಳಿದ್ದನ್ನೇ ಮತ್ತೆ ಹೇಳುವ ಕೆಲಸ ನಮ್ಮ ತಾಲೂಕು ಕಚೇರಿಯ ಅಂಗಳಕ್ಕೆ ಬರುವಷ್ಟರಲ್ಲಿ ತಕರಾರು ಆದದ್ದು ಹೇಗೆಂದು ನಾನು ಬಹಳ ಯೋಚಿಸಿದ್ದೇನೆ. ಜಮೀನಿನ ಅಳತೆ ತಪ್ಪಾಗಿದೆ ಎಂದು ವರ್ಷಗಟ್ಟಲೆ ಅದೇ ಮಾತನ್ನು ಹೇಳುತ್ತ ಅಪ್ಪನ ಬಳಿ ಬರುತ್ತಿದ್ದ ಮುದುಕರನ್ನು ನೆನೆದಾಗ ಆ ದಾರಿ ಸ್ವಲ್ಪ ಕಂಡಂತಾಗುತ್ತದೆ.

ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ಮೂರೂವರೆ ಗಂಟೆ ಮುಂದೆ. ಅಪ್ಪ ಮಲಗುವ ಮೊದಲು ಫೋನ್ ಮಾಡಿ, ದಿನಕ್ಕೊಂದು ಪದ ಒಪ್ಪಿಸುತ್ತಿದ್ದೆ. ಒಮ್ಮೆ ಅವರೂ ‘ಅರ್ದ್’ ಎಂದು ನುಡಿಯಲು ಪ್ರಯತ್ನಿಸಿದರು. ಐನ್ ಗಂಟಲಿನಿಂದ ನನಗಿಂತ ಚೆನ್ನಾಗಿಯೇ ಬಂತು.

ಊರಿಗೆ ಮರಳಿದ ಮೇಲೆ ಅವರ ಹಳೆಯ ತಕರಾರು ಅರ್ಜಿಯೊಂದರ ಕರಡನ್ನು ಮುಂದಿಟ್ಟುಕೊಂಡು, ನನಗೆ ಗುರುತು ಸಿಕ್ಕ ಪ್ರತಿ ಪದದ ಮೇಲೆ ಅರಬ್ಬಿಯಲ್ಲಿ ಬರೆದುಕೊಟ್ಟೆ. ಅಪ್ಪ ಆ ಹಾಳೆಯನ್ನು ಛಾಪಾ ಕಾಗದಗಳ ಜೊತೆ ತಮ್ಮ ತಗಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ.