ಬಿಳಿ ಬಟ್ಟೆಯ ಮೇಲೆ ಕೆಂಪು ದಾರ

ಬಟ್ಟೆ ರಿಂಗ್‌ಗೆ ಬಿಗಿದಾಯಿತು, ಕಸೂತಿ ಹಾಕಬೇಕಾದ ಹೂವಿನ ಗೆರೆಯೂ ಬಿದ್ದಾಯಿತು. ಈಗ ದಾರ. ಇದು ಆರು ಎಳೆ ಸೇರಿದ ದಾರ, ನನಗೆ ಬೇಕಿರುವುದು ಎರಡೇ. ಎರಡನ್ನೂ ಒಟ್ಟಿಗೆ ಹಿಡಿದು ಎಳೆಯಬೇಡಿ, ಸಿಕ್ಕು ಗ್ಯಾರಂಟಿ. ಒಂದೊಂದೇ ಎಳೆ, ನೇರ ಮೇಲಕ್ಕೆ, ಹೀಗೆ. ಉಳಿದದ್ದು ಕೆಳಗೆ ಮುದುಡಿಕೊಂಡರೂ ಒಮ್ಮೆ ಸವರಿದರೆ ನೆಟ್ಟಗಾಗುತ್ತದೆ. ಆಮೇಲೆ ಎರಡನ್ನು ಜೋಡಿಸಿಕೊಳ್ಳಿ. ಬಿಡಿಸಿ ಜೋಡಿಸಿದ ಎಳೆಗಳು ಪಕ್ಕಪಕ್ಕ ಚಪ್ಪಟೆಯಾಗಿ ಕೂರುತ್ತವೆ, ಸ್ಯಾಟಿನ್ ಸ್ಟಿಚ್, ಅಂದರೆ ದಳವನ್ನು ಒತ್ತೊತ್ತಾಗಿ ಮುಚ್ಚುವ ನೇರ ಹೊಲಿಗೆ, ತುಂಬಿಕೊಂಡು ಬರುತ್ತದೆ.

ಉದ್ದ ಒಂದು ಮೊಳ ಸಾಕು, 45 ಸೆಂಟಿಮೀಟರ್ ಹತ್ತಿರ. ಜಾಸ್ತಿ ಉದ್ದ ಹಾಕಿದರೆ ಪದೇ ಪದೇ ಪೋಣಿಸುವುದು ತಪ್ಪುತ್ತದೆ, ನಿಜ. ಆದರೆ ದಾರ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಜುಂಗು ಏಳುತ್ತದೆ, ಹೊಳಪೂ ಹೋಗುತ್ತದೆ.

ಈಗ ಈ ಕೆಂಪು ಲಡಿ. ಇದರ ಮೇಲೆ ನನಗಿನ್ನೂ ಸಿಟ್ಟು ಇಳಿದಿಲ್ಲ. ಇದೇ ಬಣ್ಣ, ಇದೇ ನಂಬರ್, ಮೊದಲು ತಂದ ಲಡಿ ಎಷ್ಟು ಒಗೆದರೂ ಏನೂ ಆಗಿರಲಿಲ್ಲ. ಇದು ಮಾತ್ರ ಬಣ್ಣ ಬಿಟ್ಟಿತು. ಅದೂ ಯಾವಾಗ? ಹಿಂದಿನ ಬಟ್ಟೆಯಲ್ಲಿ ಇಡೀ ಗುಲಾಬಿ ಮುಗಿಸಿ, ಗೆರೆ ಹೋಗಲಿ ಎಂದು ತಣ್ಣೀರಿಗೆ ಹಾಕಿದಾಗ. ಪ್ರತಿ ದಳದ ಸುತ್ತ ತೆಳು ಗುಲಾಬಿ ಕಲೆ. ಲೇಬಲ್ ಮೇಲೆ ಮಾತ್ರ ಬಣ್ಣ ಹೋಗುವುದಿಲ್ಲ ಎಂದು ದೊಡ್ಡದಾಗಿ ಬರೆದಿದ್ದರು! ಎಷ್ಟೋ ಸಂಜೆಗಳ ಕೆಲಸ ಅದು. ದಾರ ಮಾಡುವವರು ಇಷ್ಟಾದರೂ ಸರಿಯಾಗಿ ಮಾಡಬೇಕು, ಅಲ್ವಾ?

ಹೀಗಾದರೆ ಬಟ್ಟೆ ಒಣಗಲು ಬಿಡಬೇಡಿ, ಇಸ್ತ್ರಿಯಂತೂ ಮುಟ್ಟಲೇಬೇಡಿ. ಬಿಸಿ ತಾಗಿದರೆ ಕಲೆ ಕಚ್ಚಿಕೊಳ್ಳುತ್ತದೆ. ತಣ್ಣೀರಿನಲ್ಲಿ ನೆನೆಸಿ, ನೀರು ಬಣ್ಣವಾದ ಕೂಡಲೇ ಚೆಲ್ಲಿ, ಮತ್ತೆ ಹೊಸ ನೀರು. ನೀರು ತಿಳಿಯಾಗುವ ತನಕ ಇದೇ ಕೆಲಸ. ನನ್ನ ಬಟ್ಟೆಯಲ್ಲಿ ಬಹುಪಾಲು ಕಲೆ ಹೋಯಿತು, ಒಂದು ದಳದ ಹತ್ತಿರ ಇನ್ನೂ ಇದೆ, ಈಗ ಕ್ಯಾಮೆರಾ ಹತ್ತಿರ ತರುತ್ತೇನೆ ನೋಡಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಇದು ನೂಲಿಗೆ ಹಿಡಿಯದೆ ಉಳಿದ ಬಣ್ಣ, ಒಗೆದು ಹೊರಗೆ ಕಳಿಸಬೇಕು ಅಷ್ಟೆ. ಅದಕ್ಕೇ ಈಗ ಕೆಂಪು, ಕಪ್ಪು, ಗಾಢ ನೀಲಿ ಯಾವುದೇ ಇರಲಿ, ಒಂದು ತುಂಡು ದಾರ ಒದ್ದೆ ಮಾಡಿ ಬಿಳಿ ಬಟ್ಟೆಯ ಮಡಿಕೆಯಲ್ಲಿ ಒತ್ತಿ ನೋಡುತ್ತೇನೆ. ಬಣ್ಣ ಅಂಟಿದರೆ ಮೊದಲು ಲಡಿಗೇ ಸ್ನಾನ.

ಹೊಳಪು ಅಂದೆನಲ್ಲ, ಹತ್ತಿಗೆ ಈ ಹೊಳಪು ಸುಮ್ನೆ ಬರುವುದಿಲ್ಲ. 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ನೋಡಿದರು. ಅದು ಗಟ್ಟಿಯಾಯಿತು, ಬಣ್ಣವನ್ನೂ ಚೆನ್ನಾಗಿ ಹಿಡಿಯಿತು, ಆದರೆ ಕುಗ್ಗಿಹೋಯಿತು. ಅದ್ದುವಾಗ ಕುಗ್ಗದ ಹಾಗೆ ಬಿಗಿಯಾಗಿ ಎಳೆದು ಹಿಡಿದರೆ ರೇಷ್ಮೆ ತರಹ ಮಿನುಗುತ್ತದೆ ಎಂದು ತೋರಿಸಿದವರು ಹೊರೇಸ್ ಲೋವ್, ಅದೂ 1890ರ ಹೊತ್ತಿಗೆ. ಅಷ್ಟು ವರ್ಷ ಕಾದು ಸಿಕ್ಕ ಹೊಳಪನ್ನು ಉದ್ದ ದಾರ ಹಾಕಿ ಹಾಳು ಮಾಡಬೇಡಿ ಅನ್ನುವುದು ಅದಕ್ಕೇ... ಅಯ್ಯೋ, ಮಾತಾಡುತ್ತಾ ಹೊಲಿದು ದಳವೇ ಮುಗಿಯಿತು.

ಬೇಗ ಹೇಳಿಬಿಡುತ್ತೇನೆ. ಹೊಲಿಯುತ್ತಾ ಹೋದ ಹಾಗೆ ದಾರ ತಿರುಚಿಕೊಳ್ಳುತ್ತದೆ. ಆಗಾಗ ಸೂಜಿಯನ್ನು ಕೆಳಗೆ ಜೋತು ಬಿಡಿ, ತಾನೇ ಸುತ್ತಿ ಬಿಡಿಸಿಕೊಳ್ಳುತ್ತದೆ. ಜರಿ ದಾರ ನನಗೆ ಆಗುವುದೇ ಇಲ್ಲ, ಸೂಜಿ ಕಣ್ಣಲ್ಲೇ ಸಿಗಿದುಹೋಗುತ್ತದೆ. ಆದರೂ ಈ ಹೂವಿನ ನಡುವೆ ಜರಿಯ ಚುಕ್ಕಿಗಳು... ಚೆನ್ನಾಗಿವೆ ಕಣ್ರೀ. ಸರಿ, ಚುಕ್ಕಿಗೆ ಮಾತ್ರ ಇರಲಿ. ಹಿಂದೆ ಗಂಟು ಹಾಕಿಲ್ಲ, ತುದಿಯನ್ನು ಹೊಲಿಗೆಯ ಅಡಿಯಲ್ಲೇ ತೂರಿಸಿದ್ದೇನೆ. ಕತ್ತರಿ ಎಲ್ಲಿ? ಆಯಿತು. ಎಲೆಗೆ ಹಸಿರು ತೆಗೆಯುತ್ತೇನೆ, ಅದನ್ನೂ ಒದ್ದೆ ಮಾಡಿ ನೋಡಿಯೇ.