ಇಪ್ಪತ್ತು ಕಾಸಿನ ಬಿಲ್ಲೆ

ಕೇಳುಗರಿಗೆ ನಮಸ್ಕಾರ.

ದುಡ್ಡು, ಹಣ, ಕಾಸು. ಮೂರಕ್ಕೂ ಇವತ್ತು ಅರ್ಥ ಒಂದೇ, ಅಲ್ವಾ? ಒಂದು ಕಾಲದಲ್ಲಿ ಇವು ಬೇರೆ ಬೇರೆ ನಾಣ್ಯಗಳ ಹೆಸರು. ದುಡ್ಡು ಅಂದರೆ ತಾಮ್ರದ ಬಿಲ್ಲೆ.

1800ರ ಸುಮಾರಿಗೆ ಮದರಾಸು ಸೀಮೆಯ ಲೆಕ್ಕ ಕೇಳಿ. 80 ಕಾಸಿಗೆ ಒಂದು ಹಣ. 42 ಹಣಕ್ಕೆ ಒಂದು ಚಿನ್ನದ ವರಹ. ಅಂದರೆ ವರಹಕ್ಕೆ 3,360 ಕಾಸು! ಇದರ ನಡುವೆ ಬೆಳ್ಳಿ ರೂಪಾಯಿ ಬೇರೆ.

ಇದು ಬರೀ ಕಾಗದದ ಲೆಕ್ಕ. ಪೇಟೆಯಲ್ಲಿ ಮೂರು ಲೋಹದ ಬೆಲೆಯೂ ಏರಿಳಿಯುತ್ತಿತ್ತು. ಹಾಗಾಗಿ ಶರಾಫನ ಬಳಿ ಹೋಗದೆ ಗತಿಯಿಲ್ಲ. ಅವನು ನಾಣ್ಯವನ್ನು ತೂಗಿ, ಸವೆದಿದೆಯೇ ಅಂತ ನೋಡಿ, ವಟ್ಟ, ಅಂದರೆ ತನ್ನ ಕಮಿಷನ್, ಹಿಡಿದುಕೊಂಡು ಬದಲಿಸಿ ಕೊಡುತ್ತಿದ್ದ. ಬಡವನ ಕೈಗೆ ಬರುವುದು ತಾಮ್ರ. ಕಂದಾಯ ಕಟ್ಟುವಾಗ ಬೆಳ್ಳಿಯೋ ಚಿನ್ನವೋ ಬೇಕು. ಪ್ರತಿ ಸಲವೂ ವಟ್ಟ ಬೀಳುವುದು ಅವನ ತಲೆಗೇ.

ಈಸ್ಟ್ ಇಂಡಿಯಾ ಕಂಪನಿ ತನ್ನ 10 ಮತ್ತು 20 ಕಾಸಿನ ನಾಣ್ಯಗಳನ್ನು ಬರ್ಮಿಂಗ್‌ಹ್ಯಾಮ್‌ನ ಸೋಹೋ ಟಂಕಸಾಲೆಯಲ್ಲಿ ಉಗಿಯಂತ್ರದಿಂದ ಹೊಡೆಸಿತು. 20 ಕಾಸಿನ ಮೇಲೆ ಪಾರ್ಸಿ ಅಕ್ಷರದಲ್ಲಿ, ಇಪ್ಪತ್ತು ಕಾಸೆಂದರೆ ನಾಲ್ಕು ಫಲೂಸ್ ಎಂದು ಬರೆದಿತ್ತು. ಫಲೂಸ್ ಅಂದರೆ ಅದೂ ತಾಮ್ರದ ನಾಣ್ಯವೇ. ನೋಡಿ, ಚಿಲ್ಲರೆ ಲೆಕ್ಕವನ್ನು ನಾಣ್ಯದ ಮೇಲೇ ಹೇಳಬೇಕಾಯಿತು!

ಇಂಥ ನಾಣ್ಯಗಳನ್ನು ಪೀಪಾಯಿಗಳಲ್ಲಿ ತುಂಬಿಕೊಂಡು ಹೊರಟ ಅಡ್ಮಿರಲ್ ಗಾರ್ಡ್ನರ್ ಎಂಬ ಹಡಗು ಇಂಗ್ಲೆಂಡಿನ ತೀರವನ್ನೇ ದಾಟಲಿಲ್ಲ. 1809ರ ಜನವರಿಯಲ್ಲಿ ಗುಡ್‌ವಿನ್ ಮರಳದಿಬ್ಬಕ್ಕೆ ಸಿಕ್ಕಿ ಒಡೆದುಹೋಯಿತು. ಅದರಲ್ಲಿ ಸುಮಾರು 48 ಟನ್ ತಾಮ್ರದ ನಾಣ್ಯವಿತ್ತು. 1980ರ ದಶಕದಲ್ಲಿ ಮುಳುಗುಗಾರರು ಎತ್ತಿದಾಗ ಎಷ್ಟೋ ಬಿಲ್ಲೆಗಳು ಇನ್ನೂ ಹೊಸದರಂತಿದ್ದವು. ಪಾಪ, ಯಾರ ಕೈಗೂ ಸೇರದ ಚಿಲ್ಲರೆ.

ನಮ್ಮ ಮೈಸೂರಿನಲ್ಲೂ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳಿದ್ದವು. ಅವುಗಳ ಮೇಲೆ ಕನ್ನಡದಲ್ಲಿ ಮಯಿಲಿ ಕಾಸು, ಇಂಗ್ಲಿಷಿನಲ್ಲಿ ಕ್ಯಾಶ್. ಆ ನಾಣ್ಯದ ಇಂಗ್ಲಿಷ್ ಹೆಸರು ಹುಟ್ಟಿದ್ದೂ ನಮ್ಮ ಕಡೆಯ ಕಾಸಿನಿಂದಲೇ.

1835ರಲ್ಲಿ ಕಂಪನಿ ಒಂದೇ ಬಗೆಯ ರೂಪಾಯಿ ತಂದಿತು. 16 ಆಣೆ, 192 ಪೈ. ಮೈಸೂರು ಕಡೆ ಜನ ಪೈಯನ್ನೂ ಕಾಸು ಅಂತಲೇ ಕರೆದರು, ಕಾಲಾಣೆ ಮೂರು ಕಾಸಾಯಿತು. ಆದರೆ ಅದೇ ವರ್ಷದ ತಾಮ್ರದ ಕಾಯ್ದೆಯಲ್ಲಿ ಒಂದು ಷರತ್ತಿತ್ತು. ಆ ಕಾಯ್ದೆ ಮೊದಲು ಬಂಗಾಳಕ್ಕೆ, ಆಮೇಲೆ ಉಳಿದ ಕಡೆಗೂ ಬಂತು. ಷರತ್ತು ಏನೆಂದರೆ, ತಾಮ್ರ ನಡೆಯುವುದು ರೂಪಾಯಿಗಿಂತ ಕಡಿಮೆ ಇರುವ ಚಿಲ್ಲರೆಗೆ ಮಾತ್ರ. ಬಡವ 64 ಕಾಲಾಣೆ ಎಣಿಸಿ ಮುಂದಿಟ್ಟರೆ, ಹಣ ತೆಗೆದುಕೊಳ್ಳುವವನು ಇದು ರೂಪಾಯಿ ಅಲ್ಲ, ಬೇಡ ಅನ್ನಬಹುದಿತ್ತು. ಬಡವ ಮತ್ತೆ ಆ ಗಂಟು ಹೊತ್ತು ಶರಾಫನ ಅಂಗಡಿಗೇ ಹೋಗಬೇಕಿತ್ತು.