ಬೇರಿಗೆ ಮೊದಲು ಬೇಲಿ

ಕೇಳುಗರಿಗೆ ನಮಸ್ಕಾರ.

ಮನೆಯ ತೋಟದಲ್ಲಿ ಹಾರ್ಸ್‌ರ್ಯಾಡಿಷ್ ನೆಡಬೇಕೆಂದಿರುವವರು ಬೇರೆಲ್ಲ ಮರೆತರೂ ಒಂದು ಮಾತನ್ನು ಮರೆಯಬೇಡಿ. ಬೇರಿಗೆ ಮೊದಲು ಬೇಲಿ ಹಾಕಿ, ಆಮೇಲೆ ನೆಡಿ.

ಇದು ಸಾಸಿವೆ, ಮೂಲಂಗಿ, ಎಲೆಕೋಸಿನ ಬಳಗದ ಗಿಡ. ಒಮ್ಮೆ ನೆಟ್ಟರೆ ವರ್ಷವರ್ಷವೂ ಚಿಗುರುತ್ತದೆ. ನಮಗೆ ಬೇಕಾದದ್ದು, ತುರಿದು ಊಟಕ್ಕೆ ನಂಚಿಕೊಳ್ಳುವ ಅದರ ಬಿಳಿ ಬೇರು. ಹಾಗೇ ಮೂಸಿದರೆ ವಾಸನೆಯೇ ಇಲ್ಲ, ತುರಿದರೆ ಘಾಟು ನೆತ್ತಿಗೇರುತ್ತದೆ. ಚಳಿಗಾಲ ಚೆನ್ನಾಗಿ ಕೊರೆಯುವ ಕಡೆ ಬೇರು ದಪ್ಪಗೆ ಬಲಿಯುತ್ತದೆ. ಚಳಿಯೇ ಇಲ್ಲದ ಕಡೆ ಎಲೆ ಬರುತ್ತದೆ, ಬೇರು ಚೆನ್ನಾಗಿ ಬಲಿಯುವುದಿಲ್ಲ.

ಬೇಲಿ ಇಲ್ಲದೆ ನೆಟ್ಟ ತೋಟಗಳಲ್ಲಿ ಆಗುವ ಕಥೆ ಎಲ್ಲ ಕಡೆಯೂ ಒಂದೇ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೊದಲ ವರ್ಷ ತರಕಾರಿ ಮಡಿಯ ಮೂಲೆಯಲ್ಲಿ ಒಂದೇ ಗಿಡ, ಎರಡಡಿ ಉದ್ದದ ಹಸಿರು ಎಲೆ, ನೋಡಲು ಚೆಂದ. ಶರತ್ಕಾಲದಲ್ಲಿ ಅಗೆದು ಬೇರು ತೆಗೆಯುತ್ತಾರೆ. ಮುಖ್ಯ ಬೇರು ಕೈಗೆ ಬಂತು, ಸಣ್ಣ ಬೇರುಗಳು ಮಣ್ಣಲ್ಲೇ ಮುರಿದು ಉಳಿದವು. ಮುಂದಿನ ವರ್ಷ ಅಲ್ಲಿ ಐದಾರು ಗಿಡ. ಅದರ ಮುಂದಿನ ವರ್ಷ ಹುರುಳಿಕಾಯಿ ಸಾಲಿನ ನಡುವೆಯೂ ಅದೇ ಎಲೆ. ಆಗ ಯಜಮಾನರಿಗೆ ಸಿಟ್ಟು ಬಂದು ಇಡೀ ಮಡಿಗೆ ಪವರ್ ಟಿಲ್ಲರ್ ಹಾಯಿಸುತ್ತಾರೆ. ಮಣ್ಣು ಹಿಟ್ಟಿನಂತಾಯಿತು, ಪೀಡೆ ತೊಲಗಿತು ಎಂದು ಸಮಾಧಾನ. ಆದರೆ ಟಿಲ್ಲರ್ ಬ್ಲೇಡು ಮಾಡಿದ್ದೇನು? ಬೇರನ್ನು ಬೆರಳುದ್ದದ ತುಂಡುಗಳಾಗಿ ಕತ್ತರಿಸಿ, ನಾಲ್ಕು ಅಂಗುಲ ಆಳದಲ್ಲಿ, ಸಡಿಲ ಮಣ್ಣಿನಲ್ಲಿ ಹರಡಿತು. ನಾವು ಬೇಕೆಂದೇ ನೆಟ್ಟರೂ ಇದಕ್ಕಿಂತ ಚೆನ್ನಾಗಿ ನೆಡಲಾಗದು! ಕೆಲವೇ ವಾರಗಳಲ್ಲಿ ಮಡಿ ಪೂರ್ತಿ ಚಿಗುರು. ಈ ಬೇರಿನ ಯಾವ ತುಂಡಿಗಾದರೂ ಹೊಸ ಮೊಗ್ಗು ಒಡೆಯುವ ಶಕ್ತಿ ಇದೆ. ಆಮೇಲೆ ಉಳಿಯುವ ದಾರಿ ಕಂಡ ಚಿಗುರನ್ನೆಲ್ಲ ಬೇರುಸಮೇತ ಅಗೆಯುವುದು, ಅದೂ ವರ್ಷಗಟ್ಟಲೆ. ಅಗೆದ ಬೇರನ್ನು ಹಸಿಯಾಗಿ ಕಾಂಪೋಸ್ಟ್ ಗುಂಡಿಗೆ ಹಾಕಿದರೆ ಅಲ್ಲೂ ಚಿಗುರುತ್ತದೆ. ಬಿಸಿಲಲ್ಲಿ ಕಡ್ಡಿಯಂತೆ ಒಣಗಿಸಿಯೇ ಹಾಕಬೇಕು.

ಹಾಗಾದರೆ ಬೇಲಿ ಹೇಗೆ? ಎರಡಡಿ ಆಳ, ಒಂದೂವರೆ ಅಡಿಯಾದರೂ ಅಗಲವಿರುವ ಗಟ್ಟಿ ಡ್ರಮ್ಮು ಸಾಕು. ತಳದಲ್ಲಿ ನೀರು ಬಸಿಯಲು ರಂಧ್ರಗಳಿರಲಿ. ಡ್ರಮ್ಮನ್ನು ನೆಲದ ಮಣ್ಣಿನ ಮೇಲೆ ಇಡಬೇಡಿ, ಬೇರು ರಂಧ್ರದಿಂದಲೇ ಹೊರಟುಬಿಡುತ್ತದೆ. ಚಪ್ಪಡಿಯ ಮೇಲೆ, ಕೆಳಗೆ ಇಟ್ಟಿಗೆ ಕೊಟ್ಟು ಇಡಿ. ತಳ ತೆಗೆದ ಡ್ರಮ್ಮನ್ನು ನೆಲದಲ್ಲಿ ಹೂಳಿದರೆ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಳವಿಲ್ಲದ್ದು ಬೇಲಿಯೇ ಅಲ್ಲ. ಒಂದು ಮನೆಗೆ ಒಂದು ಡ್ರಮ್ಮು, ಒಂದು ಗಿಡ ಧಾರಾಳವಾಯಿತು.

ಡ್ರಮ್ಮಿಗೆ ತುಂಬಲು ಎರಡು ಪಾಲು ತೋಟದ ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ. ಜೇಡಿ ಮಣ್ಣಾದರೆ ಒಂದು ಪಾಲು ಮರಳೂ ಸೇರಲಿ. ಹಸಿ ಸಗಣಿ ಗೊಬ್ಬರ ಹಾಕಿದರೆ ಬೇರು ಕವಲೊಡೆಯುತ್ತದೆ, ಯೂರಿಯಾ ಸುರಿದರೆ ಎಲೆ ಮಾತ್ರ ಕೊಬ್ಬುತ್ತದೆ.

ಬೀಜದ ಗೋಜಿಗೆ ಹೋಗಬೇಡಿ. ಪೆನ್ಸಿಲ್ ದಪ್ಪದ, ಎಂಟು ಹತ್ತು ಅಂಗುಲ ಉದ್ದದ ಬೇರಿನ ತುಂಡು ತೆಗೆದುಕೊಳ್ಳಿ. ಗಿಡದ ಕಡೆಗಿದ್ದ ತುದಿಯನ್ನು ನೇರವಾಗಿ, ಕೆಳತುದಿಯನ್ನು ಓರೆಯಾಗಿ ಕತ್ತರಿಸಿ. ನೆಡುವಾಗ ತಲೆ ಯಾವುದು, ಬುಡ ಯಾವುದು ಎಂದು ಗೊಂದಲವಾಗುವುದಿಲ್ಲ. ವಸಂತದ ಆರಂಭದಲ್ಲಿ, ಮಣ್ಣು ಹದಕ್ಕೆ ಬಂದ ಕೂಡಲೇ, ನಲವತ್ತೈದು ಡಿಗ್ರಿ ಓರೆಯಾಗಿ ಮಲಗಿಸಿ ನೆಡಿ. ತಲೆಯ ಮೇಲೆ ಎರಡು ಅಂಗುಲ ಮಣ್ಣು ಬರಲಿ. ಡ್ರಮ್ಮಿನ ಮಣ್ಣು ಬೇಗ ಒಣಗುತ್ತದೆ. ಬೆರಳು ಇಳಿಸಿ ನೋಡಿ ನೀರು ಕೊಡಿ. ನೀರು ತಪ್ಪಿದರೆ ಬೇರು ನಾರಾಗುತ್ತದೆ.

ಎಲೆ ಎಂಟು ಹತ್ತು ಅಂಗುಲವಾದಾಗ, ಹೆಚ್ಚಿನವರು ಬಿಟ್ಟುಬಿಡುವ ಕೆಲಸವೊಂದಿದೆ. ಬೇರಿನ ಮೇಲ್ಭಾಗದ ಮಣ್ಣನ್ನು ಕೈಯಿಂದ ಸರಿಸಿ. ಬುಡದ ಬೇರು ಅಲುಗಬಾರದು. ಬಲವಾದ ಒಂದು ಚಿಗುರನ್ನು ಉಳಿಸಿ ಉಳಿದದ್ದನ್ನು ಚಿವುಟಿ. ತಲೆಯಲ್ಲೂ ಪಕ್ಕದಲ್ಲೂ ಇರುವ ಸಣ್ಣ ಬೇರುಗಳನ್ನು ಉಜ್ಜಿ ತೆಗೆದು ಮಣ್ಣು ಮುಚ್ಚಿ. ಆರು ವಾರದ ಮೇಲೆ ಇನ್ನೊಮ್ಮೆ. ಹೀಗೆ ಮಾಡಿದರೆ ಬೇರು ನೇರವಾಗಿ ದಪ್ಪವಾಗುತ್ತದೆ, ಮಾಡದಿದ್ದರೆ ಸಿಗುವುದು ಬೇರಿನ ಗೋಜಲು.

ಎಲೆಯ ಅಡಿಯಲ್ಲಿ ಬಿಳಿ ಗುಳ್ಳೆ ಕಂಡರೆ ಅದು ಬಿಳಿ ತುಕ್ಕು ರೋಗ, ಆ ಎಲೆ ಕಿತ್ತುಬಿಡಿ. ಬಲಿತ ಗಿಡದ ಎಲೆಯಲ್ಲಿ ಹುಳು ಕೊರೆದ ನಾಲ್ಕು ತೂತು ಕಂಡರೆ ಔಷಧಿ ಬೇಡ.

ಹಿಮ ಬಿದ್ದು ಎಲೆ ಸತ್ತ ಮೇಲೆ ಕೊಯ್ಲು. ದೊಡ್ಡ ಪ್ಲಾಸ್ಟಿಕ್ ಹಾಳೆ ಹಾಸಿ ಡ್ರಮ್ಮನ್ನು ಅದರ ಮೇಲೆ ಬೋರಲು ಹಾಕಿ, ಒಂದೊಂದು ತುಂಡನ್ನೂ ಆರಿಸಿ. ಪೆನ್ಸಿಲ್ ದಪ್ಪದವನ್ನು ಒದ್ದೆ ಮರಳಿನಲ್ಲಿ ತಣ್ಣಗೆ ಇಟ್ಟರೆ ಮುಂದಿನ ವಸಂತಕ್ಕೆ ನೆಡಬಹುದು.

ಸಮಯವಾಗುತ್ತಿದೆ, ತುರಿಯುವುದನ್ನು ಚುಟುಕಾಗಿ ಹೇಳುತ್ತೇನೆ. ಕಿಟಕಿ ತೆರೆದಿಟ್ಟೇ ತುರಿಯಿರಿ, ಕಣ್ಣು ಉರಿಯುತ್ತದೆ. ಎರಡು ಬಟ್ಟಲು ತುರಿಗೆ ಒಂದು ಬಟ್ಟಲು ಬಿಳಿ ವಿನೆಗರ್, ಅರ್ಧ ಚಮಚ ಉಪ್ಪು. ವಿನೆಗರ್ ಬಿದ್ದೊಡನೆ ಖಾರ ಏರುವುದು ನಿಲ್ಲುತ್ತದೆ. ಸೌಮ್ಯವಾಗಿ ಬೇಕಾದರೆ ತಕ್ಷಣ ಹಾಕಿ, ಜೋರಾಗಿ ಬೇಕಾದರೆ ಮೂರು ನಿಮಿಷ ಬಿಟ್ಟು ಹಾಕಿ. ಫ್ರಿಜ್ಜಿನಲ್ಲೂ ಒಂದೆರಡು ತಿಂಗಳಿಗೆ ಘಾಟು ಇಳಿಯುತ್ತದೆ, ಆದ್ದರಿಂದ ಬೇಕಾದಷ್ಟೇ ತುರಿಯಿರಿ. ಮಿಕ್ಕ ಸಿಪ್ಪೆ, ತುಂಡುಗಳನ್ನು ಒಣಗಿಸದೆ ತೋಟಕ್ಕೆ ಎಸೆಯಬೇಡಿ, ದನಕರುಗಳಿಗೂ ಹಾಕಬೇಡಿ.

ನಮಸ್ಕಾರ.